ಗಂಜಿ ಒಗೆದ ಚಿಂದಿಗಳು

ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ ನಾವು ಮೂವರು ಗೆಳತಿಯರು ಒಟ್ಟಿಗೇ ಮುದುಕಿಯರಾದವರು. ಒಬ್ಬಳನ್ನು ಎಲ್ಲರೂ ಗಂಜಿ ಎನ್ನುತ್ತಿದ್ದರು; ಬಟ್ಟೆಗೆ ಗಂಜಿ ಹಾಕಿ ಹಾಕಿ ಅವಳ ಬೆನ್ನೂ ಮಾತೂ ಸೆಟೆದುಕೊಂಡಿದ್ದವು. ಇನ್ನೊಬ್ಬಳು ಪಿಟಿಪಿಟಿ; ಬಾಯಿ ಮುಚ್ಚಿದರೆ ಅವಳಿಗೆ ಉಸಿರು ಕಟ್ಟುತ್ತದೆ. ಆ ಬೇಸಿಗೆ ಗಂಜಿಯ ತಂಗಿಯ ಮಗಳು ನಮ್ಮನ್ನು ಪರದೇಶಕ್ಕೆ ಕರೆಸಿಕೊಂಡಳು. ಅಲ್ಲಿ ಅವಳು ಹಳ್ಳಿ ಸುತ್ತುವ ದನದ ಡಾಕ್ಟರು. ಬಾಲಂಗೋಚಿಗಳಂತೆ ನಾವೂ ಅವಳ ಹಿಂದೆ ಊರೂರು ಅಲೆದೆವು.

ಕೊನೆಗೆ ಇಳಿದುಕೊಂಡದ್ದು ಜವುಗು ನೆಲದ ಅಂಚಿನ ಒಂದು ಮನೆಯಲ್ಲಿ. ಜವುಗಿನಾಚೆ ಹುಲ್ಲುಗಾವಲು, ಬೇಸಿಗೆಯಲ್ಲಿ ಊರ ದನವೆಲ್ಲ ಅಲ್ಲಿ. ಮನೆಯೊಡತಿ ಎತ್ತರದ ಹೆಂಗಸು. ಅವಳ ಮಾತು ನಮಗೆ ಬಾರದು, ನಮ್ಮದು ಅವಳಿಗೆ ಬಾರದು. ನಗು, ಕೈಸನ್ನೆ, ಇಷ್ಟರಲ್ಲೇ ಸಂಸಾರ ಸಾಗಿತ್ತು.

ಬಂದ ಮರುದಿನ ಡಾಕ್ಟರು ಹುಡುಗಿ ನಮ್ಮನ್ನು ಜವುಗು ದಾಟಿಸಿ ಕರೆದುಕೊಂಡು ಹೋಗಿದ್ದಳು.

"ದೊಡ್ಡಮ್ಮ, ನಾನು ಕಾಲಿಟ್ಟ ಕಡೆನೇ ಕಾಲಿಡಿ. ಒಂಚೂರು ಪಕ್ಕಕ್ಕೆ ಹೋದ್ರೂ ನೆಲ ನುಂಗಿಬಿಡುತ್ತೆ. ಎಮ್ಮೆಯಂಥ ಎಮ್ಮೆನೇ ಹೋಗಿದೆ."

"ಹಾಗಾದ್ರೆ ಗಂಜೀನ ಮುಂದೆ ಬಿಡು," ಎಂದಳು ಪಿಟಿಪಿಟಿ. "ಬಗ್ಗದವಳು ಮುಳುಗ್ತಾಳಾ?"

ಜವುಗಿನ ತುಂಬ ಹಳೆಯ ಕಂಬಗಳು, ಒಂದು ಅತ್ತ ವಾಲಿ, ಒಂದು ಇತ್ತ ವಾಲಿ. ಕೆಲವಕ್ಕೆ ಕಪ್ಪು ಚಿಂದಿ ಸುತ್ತಿತ್ತು. ನಮ್ಮ ಕಣ್ಣೆಲ್ಲ ಹುಡುಗಿಯ ಹಿಮ್ಮಡಿಯ ಮೇಲೆ. ಚಿಂದಿ ಯಾಕೆ ಎಂದು ಯಾರೂ ಕೇಳಲಿಲ್ಲ.

ಅದರ ಮಾರನೆಯ ದಿನ ಹುಲ್ಲುಗಾವಲಿನಲ್ಲಿ ಹಸುವೊಂದಕ್ಕೆ ಹೆರಿಗೆ ಕಷ್ಟವಾಗಿದೆಯೆಂದು ಹುಡುಗಿ ಹೊರಟಳು. ಕರು ಹುಟ್ಟುವುದನ್ನು ನೋಡಲೇಬೇಕೆಂದು ಪಿಟಿಪಿಟಿಯೂ ಬೆನ್ನು ಬಿದ್ದಳು. ಗಂಜಿಗೆ ಮಂಡಿನೋವು, ಅವಳು ಉಳಿದಳು. ಊಟವಾದ ಮೇಲೆ ನಾನು ಕಣ್ಣು ಮುಚ್ಚಿದೆ. ಎದ್ದು ಹಿತ್ತಲಿಗೆ ಬಂದರೆ ತಂತಿಯ ಮೇಲೆ ಬೆಳ್ಳಗೆ ಸಣ್ಣ ಸಣ್ಣ ಬಟ್ಟೆಗಳು, ಕೊಕ್ಕರೆ ಸಾಲಿನ ಹಾಗೆ.

"ಇವನ್ನೆಲ್ಲಿಂದ ತಂದೆಯೇ?"

"ಆ ಕಂಬಗಳಿಂದ. ದೂರದ್ದು ಬಿಟ್ಟೆ, ಮಂಡಿ ಕೇಳ್ಲಿಲ್ಲ. ಈಚೆ ದಡದವು ಮಾತ್ರ ತಂದೆ." ಗಂಜಿ ಹೆಮ್ಮೆಯಿಂದ ಬಟ್ಟೆಯ ಮೂಲೆ ಎಳೆದು ಸರಿಮಾಡಿದಳು. "ಏನು ಕೊಳೆ ಅಂತೀಯಾ! ಮಸಿ, ಎಣ್ಣೆ, ಎಲ್ಲಾ ಕಲಸಿ ಬಳಿದ ಹಾಗಿತ್ತು. ಕುದಿಸಿ ಕುದಿಸಿ ತೆಗೆದೆ. ಉಂಡ ಮನೆಗೆ ನಾಲ್ಕು ಚಿಂದಿ ಒಗೆದುಕೊಟ್ಟರೆ ಕೈ ಸವೆಯುತ್ತಾ?"

"ಜವುಗಿನೊಳಗೆ ಹೋದೆಯಾ? ಮುಳುಗಲಿಲ್ವಾ?"

"ಬಟ್ಟೆಯಿಂದ ಬಟ್ಟೆಗೆ ಹೋದೆ. ನೆಲ ಗಟ್ಟಿಯಾಗೇ ಇತ್ತಪ್ಪ."

ಹೇಳಿದವಳಿಗೂ ಕೇಳಿದವಳಿಗೂ ಒಟ್ಟಿಗೇ ಹೊಳೆಯಿತು, ಆ ಚಿಂದಿಗಳೇ ದಾರಿಯ ಗುರುತು ಎಂದು. ಗಂಜಿಯ ಕೈ ತಂತಿಯ ಮೇಲೇ ನಿಂತಿತು. ಅಷ್ಟರಲ್ಲಿ ಬಕೆಟ್ಟು ಹಿಡಿದು ಬಂದ ಮನೆಯೊಡತಿ ತಂತಿಯನ್ನು ಕಂಡಳು. ಬಕೆಟ್ಟು ಕೈಜಾರಿತು. ಅವಳು ಕೂಗಿದ್ದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ, ಆದರೆ ಆ ದನಿಯೇ ಸಾಕಿತ್ತು. ಅವಳು ಜವುಗಿನ ಕಡೆ ಬೆರಳು ತೋರಿದಳು.

ಅಲ್ಲಿ ಜವುಗೇ ಇರಲಿಲ್ಲ. ಮಂಜು ನೆಲದಿಂದೆದ್ದು ಬೇಲಿಯವರೆಗೂ ಬಂದು ಕೂತಿತ್ತು. ಅವರಿಬ್ಬರೂ ಮನೆಗೆ ಮರಳುವ ಹೊತ್ತು ಅದು.

"ಕೊಂದೆ," ಎಂದಳು ಗಂಜಿ. "ಅವಳನ್ನೂ ಕೊಂದೆ, ನನ್ನ ತಂಗಿ ಮಗಳನ್ನೂ ಕೊಂದೆ."

"ಬಿಡ್ತು ಅನ್ನು! ಬಟ್ಟೆ ಕೀಳು, ನಡಿ."

ಹಾಸಿಗೆಯ ಮೇಲಿನ ದುಪ್ಪಟಿಗಳನ್ನು ಒಂದಕ್ಕೊಂದು ಗಂಟು ಹಾಕಿ ಗಂಜಿಯ ಸೊಂಟಕ್ಕೆ ಕಟ್ಟಿದೆ. ಇನ್ನೊಂದು ತುದಿ ಹಿಡಿದು ನಾನು ದಡದಲ್ಲಿ ನಿಂತೆ. ಮನೆಯೊಡತಿ ಉದ್ದನೆಯ ಕೋಲಿನಿಂದ ನೆಲ ಚುಚ್ಚಿ ನೋಡುತ್ತ ಮುಂದೆ, ಗಂಜಿ ಅವಳ ಹಿಂದೆ. ಯಾವ ಕಂಬ ಸರಿ, ಯಾವುದು ಸುಳ್ಳು? ಗಂಜಿ ಕಂಬಗಳನ್ನು ಸವರಿ ಸವರಿ ನೋಡಿದಳು. ಚಿಂದಿ ಇದ್ದ ಕಂಬಕ್ಕೆ ಮಸಿಯ ಬಳೆ ಉಳಿದಿತ್ತು, ಉಳಿದವು ಬೋಳು. ಬಳೆ ಸಿಕ್ಕಲ್ಲಿ ಬಟ್ಟೆ ಕಟ್ಟಿದಳು. ದುಪ್ಪಟಿ ನನ್ನ ಕೈಯಿಂದ ಸರ್ರನೆ ಮುಂದಕ್ಕೆ ಹೋಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೋಗುತ್ತಿತ್ತು.

ಕಿವಿಗೊಟ್ಟೆ. ಪಿಟಿಪಿಟಿಯ ಮಾತು ಊರಾಚೆಗೂ ಕೇಳುತ್ತದೆ ಎಂದು ಜೀವಮಾನವಿಡೀ ಬೈದವಳು ನಾನು. ಈಗ ಏನೂ ಕೇಳಲಿಲ್ಲ. ಒಂದು ಕೆಮ್ಮು ಕೂಡ ಇಲ್ಲ.

ಕೊನೆಯ ಬಟ್ಟೆ ಕಟ್ಟಿಯಾಯಿತೆಂದು ಗಂಜಿ ಕೂಗಿದಳು. ನಾನು ತಲೆಯೆತ್ತಿದೆ. ಮೊದಲ ಕಂಬದ ಬಟ್ಟೆ ಕಂಡಿತು. ಎರಡನೆಯದು? ಕಣ್ಣು ಕಿರಿದುಮಾಡಿ ನೋಡಿದೆ. ಇಲ್ಲ. ಬಿಳಿ ಮಂಜು, ಬಿಳಿ ಬಟ್ಟೆ. ಹಾಲಿನಲ್ಲಿ ಬಿದ್ದ ಸುಣ್ಣವನ್ನು ಯಾರು ಕಂಡಾರು?

"ಗಂಜೀ! ಕಾಣಿಸ್ತಿಲ್ಲ ಕಣೇ! ಬೆಳ್ಳಗಿವೆ, ಒಂದೂ ಕಾಣಿಸ್ತಿಲ್ಲ!"

ಮಂಜಿನೊಳಗಿಂದ ಪಚಕ್, ಪಚಕ್ ಎಂಬ ಸಪ್ಪಳ. ಕಲೆ ಕಂಡರೆ ಅನ್ನ ಸೇರದ ಹೆಂಗಸು ಮಂಡಿಯೂರಿ ಜವುಗಿನ ಕಪ್ಪು ಕೆಸರನ್ನು ಬೊಗಸೆ ಬೊಗಸೆ ಎತ್ತಿ ತಾನೇ ಕುದಿಸಿ ಬಿಳುಪು ಮಾಡಿದ ಬಟ್ಟೆಗೆ ಮೆತ್ತುತ್ತಿದ್ದಳು. ಅಲ್ಲಿಂದ ಹಿಂದಕ್ಕೆ, ಒಂದೊಂದೇ ಕಂಬ. ನಾನು ದುಪ್ಪಟಿ ಎಳೆದುಕೊಳ್ಳುತ್ತ ಬಂದೆ. ಎರಡನೆಯ ಕಂಬ ಕರಿಯ ಚುಕ್ಕೆಯಾಗಿ ಮೂಡಿತು. ಅದರ ಹಿಂದೆ ಇನ್ನೊಂದು, ಮಸುಕಾಗಿ.

ಇಬ್ಬರೂ ದಡ ಹತ್ತಿದರು, ಗಂಜಿ ನನ್ನ ಪಕ್ಕ ಕುಸಿದು ಕೂತಳು. ಮೂವರೂ ಮಂಜನ್ನು ನೋಡುತ್ತ ಕೂತೆವು. ಮನೆಯೊಡತಿ ಹುಡುಗಿಯ ಹೆಸರು ಹಿಡಿದು ಮತ್ತೆ ಮತ್ತೆ ಕೂಗಿದಳು. ಗಂಜಿಯ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು.

ಬಹಳ ಹೊತ್ತಿಗೆ ಮಂಜಿನಲ್ಲಿ ಒಂದು ನೆರಳು. ಅದರ ಅಂಗಿ ಹಿಡಿದು ಇನ್ನೊಂದು. ಮುಂದೆ ಡಾಕ್ಟರು ಹುಡುಗಿ, ಅವಳ ಹಿಂದೆ ಪಿಟಿಪಿಟಿ, ಒಂದು ಕಾಲಿನಲ್ಲಿ ಚಪ್ಪಲಿಯಿಲ್ಲ, ತೊಡೆಯವರೆಗೆ ಕೆಸರು.

"ದಾರಿ ನಡುವೆ ಗುರುತೇ ಸಿಗ್ಲಿಲ್ಲ ದೊಡ್ಡಮ್ಮ," ಎಂದಳು ಹುಡುಗಿ ಏದುತ್ತ. "ಇವರ ಒಂದು ಕಾಲು ಇಳಿದೇ ಹೋಗಿತ್ತು. ಎಳೆದು ನಿಲ್ಲಿಸಿದೆ. ಅಲ್ಲಾಡಬೇಡಿ, ಮಾತಾಡಬೇಡಿ ಅಂದೆ. ಕೂಗಿದ್ರೆ ನೀವೂ ಜವುಗಿಗೆ ಇಳಿದುಬಿಡ್ತೀರಂತ ಭಯ ಆಯ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಕರೀ ಚಿಂದಿ ಕಾಣಿಸ್ತು."

ಪಿಟಿಪಿಟಿ ಗಂಜಿಯ ಕೈಗಳನ್ನು ನೋಡಿದಳು. ಮೊಣಕೈವರೆಗೂ ಕಪ್ಪು.

"ಥೂ, ಏನೇ ಇದು ಕೊಳಕಿ," ಎಂದಳು. "ಸೋಪು ಸಿಗ್ಲಿಲ್ವಾ?"

ಗಂಜಿ ಅವಳ ಬರಿಗಾಲನ್ನು ಅಪ್ಪಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮನೆಯೊಳಗೆ ಹೋಗಿ ಒಲೆಯ ಮುಂದೆ ಕೂತಾಗ ಮನೆಯೊಡತಿ ನನ್ನೆದುರು ಬಂದು ಕುಕ್ಕರಿಸಿದಳು. ಏನು ಎಂಬಂತೆ ನೋಡಿದೆ. ದುಪ್ಪಟಿಯ ತುದಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಬಿಡಬೇಕೆಂದರೂ ಕೈ ಕೇಳಲಿಲ್ಲ. ಅವಳೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.