ಕೊಟ್ಟಿಗೆಯಲ್ಲಿ ಮೇರಿಮಾತೆ

ಫ್ಲಾರೆನ್ಸಿನ ಹಳೇ ಸಾಮಾನಿನ ವ್ಯಾಪಾರಿ ಬೆಂಚೀನಿ ಗೋಣಿತಾಟು ಸರಿಸಿದವನೇ ಉಸಿರು ಬಿಗಿಹಿಡಿದ. ಕೊಟ್ಟಿಗೆಯ ಗೋಡೆಗೊರಗಿ ನಿಂತಿದ್ದಳು ಮೇರಿಮಾತೆ. ನೀಲಿ ಹಿನ್ನೆಲೆ, ಹಾಲುಬಿಳುಪಿನ ಮುಖ, ತೋಳಿನಲ್ಲಿ ಮಗು. ಸುಟ್ಟ ಮಣ್ಣಿನ ಮೇಲಿನ ಗಾಜಿನಂಥ ಹೊಳಪು ನಾನೂರು ವರ್ಷವಾದರೂ ಮಾಸಿರಲಿಲ್ಲ.

"ಯಾರದ್ದು ಇದು?" ಅವನು ಕೇಳಿದ.

"ನಮ್ದೇ ಸ್ವಾಮಿ," ಎಂದ ಕೊಟ್ಟಿಗೆಯ ಒಡೆಯ ಒರ್ಮಾನ್ನೊ. "ನನ್ನ ಹೆಂಡ್ತಿ ತವರಿಂದು. ಸರ್ಕಾರದೋರೇ ಒಪ್ಕೊಂಡಿದಾರೆ."

ಅವನ ಹೆಂಡತಿ ಜೆಲಿಂದಾ ಬಾಗಿಲಲ್ಲೇ ನಿಂತಳು. ಕಳೆದ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಹೊಸ ರಾಜನ ಸರ್ಕಾರ ಬೆಟ್ಟದ ಮೇಲಿನ ಕನ್ಯಾಮಠವನ್ನು ಮುಚ್ಚಿಸಿ ಅದರ ಸ್ವತ್ತನ್ನೆಲ್ಲ ವಶಕ್ಕೆ ತೆಗೆದುಕೊಂಡಿತ್ತು. ಅಧಿಕಾರಿ ಈ ಮೂರ್ತಿಯ ಮುಂದೆ ನಿಂತಾಗ, ಮಠದ ಹಿರಿಯರಾದ ಮದರ್ ಎರ್ಸಿಲಿಯಾ, ಬಟ್ಟೆ ಒಗೆಯಲು ಬಂದಿದ್ದ ಜೆಲಿಂದಾಳನ್ನು ಕೈಹಿಡಿದು ಮುಂದಕ್ಕೆ ತಂದಿದ್ದರು. "ಇದು ಇವಳ ಮನೆತನದೋರು ಇಟ್ಟುಹೋದದ್ದು, ಮಠದ ಸ್ವತ್ತಲ್ಲ." ಜೆಲಿಂದಾ ಬೈಬಲ್ ಮುಟ್ಟಿ ಹೌದೆಂದಳು.

"ಹಾಗಾದ್ರೆ ಇವತ್ತೇ ಹೊತ್ಕೊಂಡು ಹೋಗು," ಎಂದಿದ್ದ ಅಧಿಕಾರಿ.

ಮಠದ ಸೋದರಿಯರು ಮರಳುವತನಕ ಕಾಯ್ದಿಡುತ್ತೇನೆಂದು ಮಾತು ಕೊಟ್ಟು ತಂದಿದ್ದಳು. ಗಂಡನ ಬಾಯಲ್ಲಿ ಮಾತ್ರ 'ಅವರದ್ದು' ಎಂಬುದು ಯಾವಾಗಲೋ 'ನಮ್ಮದು' ಆಗಿಹೋಗಿತ್ತು.

ಬೆಂಚೀನಿ ಆಳುಗಳನ್ನು ಕೂಗಿದ. ಮೂರ್ತಿ ಕಟ್ಟಲು ಹಗ್ಗ, ಒಣಹುಲ್ಲು ಒಳಬಂದವು.

"ಮುಟ್ಬೇಡಿ!" ಜೆಲಿಂದಾ ಅಡ್ಡ ನಿಂತಳು. "ಇದು ಮಠದ್ದು. ನಾನು ಸುಳ್ಳು ಪ್ರಮಾಣ ಮಾಡಿದೀನಿ."

ಒರ್ಮಾನ್ನೊ ಅವಳ ರಟ್ಟೆ ಹಿಡಿದೆಳೆದ. "ತಲೆಗಿಲೆ ಕೆಟ್ಟಿದೆಯೇನೇ? ಸ್ವಾಮಿ, ಇವಳ ಮಾತು ಕಿವಿಗೆ ಹಾಕ್ಕೋಬೇಡಿ."

"ಬೇಕಾದ್ರೆ ಕೊಂಡ್ಕೊಳ್ಳಿ," ಅವಳು ಬಿಡಲಿಲ್ಲ. "ನಾಳೆ ನಾನೇ ಠಾಣೆಗೆ ಹೋಗಿ ಹೇಳ್ತೀನಿ. ನಾನು ಜೈಲಿಗೆ, ಮಾತೆ ಸರ್ಕಾರಕ್ಕೆ. ನಿಮ್ಮ ಕೈಗೇನು ಉಳಿಯುತ್ತೆ ನೋಡ್ಕೊಳ್ಳಿ."

ಬೆಂಚೀನಿ ಅವಳ ಮುಖವನ್ನೇ ದಿಟ್ಟಿಸಿದ. ಆಮೇಲೆ ಟೋಪಿ ತೊಟ್ಟ. "ಒರ್ಮಾನ್ನೊ, ಇವಳು ಬದುಕಿರೋವರ್ಗೂ ನನಗೆ ಹೇಳಿ ಕಳಿಸ್ಬೇಡ."

ಅವನ ಖಾಲಿ ಗಾಡಿ ಇಳಿಜಾರಿನಲ್ಲಿ ಉರುಳಿತು. ಕೆಳಗಿನ ಕವಲಿನಲ್ಲಿ ಎಡಕ್ಕೆ ಪೊಲೀಸು ಠಾಣೆ, ಬಲಕ್ಕೆ ಫ್ಲಾರೆನ್ಸಿನ ರಸ್ತೆ. ಗಂಡಹೆಂಡಿರಿಬ್ಬರೂ ಅಂಗಳದಲ್ಲಿ ಕಿವಿಗೊಟ್ಟು ನಿಂತರು. ಕವಲಿನಲ್ಲಿ ಗಾಡಿ ನಿಂತಿತು. ಕುದುರೆ ಕೆನೆಯಿತು. ಜೆಲಿಂದಾ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಂಡಿದಳು. ಕೊನೆಗೆ ಗಾಲಿಗಳು ಬಲಕ್ಕೆ ಹೊರಳಿ ಸದ್ದು ಕರಗಿಹೋಯಿತು.

ಒರ್ಮಾನ್ನೊ ಅವಳತ್ತ ನೋಡಲೂ ಇಲ್ಲ. ನೇರ ಕೊಟ್ಟಿಗೆಗೆ ಹೋದ. ಅಲ್ಲಿ ಎತ್ತಿನ ಕೊಂಬು ಮಣ್ಣಿನ ಮಗುವಿನ ಕಾಲಿಗೆ ತಾಗದಂತೆ ಅದರ ಕೊರಳ ಹಗ್ಗವನ್ನು ಬಿಚ್ಚಿ, ಮೋಟು ಮಾಡಿ, ಮತ್ತೆ ಕಟ್ಟಿದ.