ಭಾವನ ಪಾಲಿನ ಬೆಳಕು

ಲೋಕದ ಮಿಕ್ಕ ತೀರ್ಮಾನಗಳೆಲ್ಲ ಒಂದಿಷ್ಟು ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಆದರೆ ತಂತಿಯ ತುದಿಗೆ ಅಂಟಿಸುವ ರಟ್ಟಿನ ಬಿಲ್ಲೆ ಗುಂಡಗಿರಬೇಕೋ ಮೊಟ್ಟೆಯಾಕಾರದಲ್ಲಿರಬೇಕೋ ಎಂಬುದು ಮಾತ್ರ ಈ ಗಳಿಗೆಯಲ್ಲೇ ಇತ್ಯರ್ಥವಾಗಬೇಕು — ಫೋಟೋ ತೊಳೆಯುವ ಕತ್ತಲ ಕೋಣೆಯ ಕೆಂಪು ದೀಪದಡಿ ಕತ್ತರಿ ಹಿಡಿದು ನಿಂತ ಅವನು ನ್ಯಾಯಾಧೀಶನ ಗಾಂಭೀರ್ಯದಿಂದ ಯೋಚಿಸುತ್ತಾನೆ — ಮುಖದ ಮೇಲೆ ಬೀಳುವ ಬೆಳಕನ್ನು ಮರೆಮಾಡುವುದಕ್ಕೆ ಮೊಟ್ಟೆಯಾಕಾರವೇ ಸರಿ, ಆದರೆ ಭಾವನ ಮುಖ ಉದ್ದವಿತ್ತೇ, ದುಂಡಗಿತ್ತೇ, ಇರಲಿ, ಮೊಟ್ಟೆಯಿಂದ ಯಾವ ಮುಖಕ್ಕೂ ಅವಮಾನವಿಲ್ಲ, ಕತ್ತರಿಸಿದ. ಬಾಗಿಲಾಚೆ ಸ್ಟೂಲು ಕಿರ್ರೆಂದಿತು, ಅಕ್ಕ ಮಗ್ಗುಲು ಬದಲಿಸಿದಳು, ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದಾಳೆ, ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ — ಏನೋ, ಬಂತೇನೋ? ಇನ್ನೂ ಇಲ್ಲ ಅಕ್ಕ, ಬಾಗಿಲು ಮಾತ್ರ ತೆಗೀಬೇಡ, ಪೇಪರ್ ಹಾಳಾಗುತ್ತೆ. ನಾನ್ಯಾಕೆ ತೆಗೀಲಿ, ಆ ವಾಸನೆಗೆ ಇಲಿ ಕೂಡ ಒಳಗೆ ಬರಲ್ಲ. ಹೋದ ವಾರ ಬಂದವಳು ಚಪ್ಪಲಿ ಕೂಡ ಬಿಡದೆ ಹೊಸಿಲಲ್ಲೇ ನಿಂತು ಹೇಳಿದ್ದಳು, ಅವರ ಮೀಸೆ ಎಡಗಡೆ ಇಳಿದಿತ್ತೋ ಬಲಗಡೆ ಇಳಿದಿತ್ತೋ, ನೆನಪಾಗ್ತಿಲ್ಲ ಕಣೋ, ರಾತ್ರಿಯೆಲ್ಲಾ ಯೋಚನೆ ಮಾಡ್ದೆ, ಇಷ್ಟು ವರ್ಷ ಎದುರಿಗೆ ಕೂತು ಉಂಡ ಮನುಷ್ಯ, ಒಂದು ಫೋಟೋ ಇಲ್ವೇನೋ ನಿನ್ನ ಹತ್ರ? ಇದೆ ಅಕ್ಕ, ಒಂದಿದೆ, ಮುಖ ನೆರಳಲ್ಲಿದೆ, ತೆಗೀತೀನಿ ಬಿಡು, ನೆರಳಿಂದ ಮುಖ ತೆಗಿಯೋದೇ ನನ್ನ ಕಸುಬು — ಹೇಳಿಬಿಟ್ಟ, ಫಿಲ್ಮನ್ನು ಕಿಟಕಿಗೆ ಹಿಡಿದು ನೋಡುವ ಮೊದಲೇ, ನಾಲಿಗೆಗೆ ಎಲುಬಿಲ್ಲದವನ ಹಾಗೆ. ಒಂದೇ ಒಂದು, ಏಕೆಂದರೆ ಭಾವನ ಕಾರ್ಖಾನೆಯ ಗುರುತಿನ ಚೀಟಿಯನ್ನು ಅಕ್ಕನೇ ಅಂಗಿಯ ಜೇಬಿನ ಸಮೇತ ಒಗೆದು ಹಾಕಿದ್ದಳು, ಮದುವೆಯ ದಿನ ಇವನ ಹೊಸ ಕ್ಯಾಮೆರಾದ ಹಲ್ಲಿಗೆ ಫಿಲ್ಮು ಸಿಕ್ಕಿಕೊಂಡೇ ಇರಲಿಲ್ಲ, ಇಡೀ ದಿನ ಖಾಲಿ ಕ್ಲಿಕ್ಕು, ಆಗ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ದೊರೆ, ನಾಳೆ ನಿಮ್ಮಕ್ಕ ಇವನು ನನ್ನ ಗಂಡನೇ ಅಲ್ಲ ಅಂದ್ರೆ ನಾನು ಯಾವ ಸಾಕ್ಷಿ ತರ್ಲಿ?

ಫಿಲ್ಮಿನ ಚಿತ್ರ ಬೀಳಿಸುವ ಲೆನ್ಸಿನ ಕೆಳಗೆ ಹಾಳೆ, ದೀಪ ಹತ್ತಿತು, ಬಿಲ್ಲೆಯನ್ನು ಚಿತ್ರದಲ್ಲಿ ಕಪ್ಪಾಗಿ ಬರುವ, ಭಾವ ನಿಂತ ಬಾಗಿಲಿನ ಮೇಲೆ ಸಣ್ಣಗೆ ಕುಣಿಸುತ್ತಾನೆ, ನಿಲ್ಲಿಸಬಾರದು, ನಿಂತರೆ ಅಂಚು ಬೀಳುತ್ತದೆ, ಮಲಗಿದ ಮಗುವಿನ ಮುಖದಿಂದ ನೊಣ ಓಡಿಸುವ ಹಾಗೆ, ಅಷ್ಟೇ ಮೆತ್ತಗೆ — ಬಿಲ್ಲೆ ತಡೆದಷ್ಟು ಬೆಳಕು ಹಾಳೆಗೆ ತಾಗುವುದಿಲ್ಲ, ತಾಗದಷ್ಟೂ ಕಪ್ಪು ತಿಳಿಯಾಗುತ್ತದೆ, ತಿಳಿಯಾದಲ್ಲಿ ಮೂಗು, ಕೆನ್ನೆ, ಮೀಸೆ. ದ್ರಾವಣಕ್ಕೆ ಜಾರಿಸಿದ, ತಟ್ಟೆಯನ್ನು ತೂಗಿದ. ಮೊದಲು ಬರುವುದು ಯಾವಾಗಲೂ ಬಾಗಿಲಿನ ಕಪ್ಪು. ಆಮೇಲೆ ಶಾಲೆಯ ಹೊಸ ಕಟ್ಟಡದ ಮೆಟ್ಟಿಲು, ಅದರ ಮೇಲೆ ಉದ್ಘಾಟನೆಗೆ ಬಂದ ಬಿಳಿ ಕೋಟಿನ ಶಾಲಾ ಸಮಿತಿ ಅಧ್ಯಕ್ಷರು, ಅವರ ಹಿಂದೆ ತೆರೆದ ಬಾಗಿಲು, ಹೊಸಿಲ ಮೇಲೆ ಬಿದ್ದ ಬಿಸಿಲಿನಲ್ಲಿ ಎರಡು ಪಾದ, ಎರಡು ಚಪ್ಪಲಿ, ಎಡಗಾಲಿನ ಪಟ್ಟಿಗೆ ಚುಚ್ಚಿದ ಪಿನ್ನು ಕೂಡ ಕಾಣುತ್ತದೆ, ಪಾದದ ಗಂಟಿನಿಂದ ಮೇಲಕ್ಕೆ ಬೂದಿ. ಮುಖವಲ್ಲ, ಬೂದಿ, ಒರೆಸಿದ ಸ್ಲೇಟು. ಇನ್ನೊಂದು ಹಾಳೆ, ಕಪ್ಪು ತಗ್ಗಿಸುವ ಮೆದು ಫಿಲ್ಟರು, ಇನ್ನಷ್ಟು ತಡೆ — ತಿಳಿ ಬೂದಿ. ಮಗದೊಂದು, ಬ್ಲೀಚಿನಲ್ಲಿ ಅದ್ದಿದ ಹತ್ತಿಯಿಂದ ಕಪ್ಪನ್ನು ಸವರಿ ಸವರಿ — ಕಲೆಬಿದ್ದ ಬೂದಿ. ಫಿಲ್ಮಿನಲ್ಲಿ ಇದ್ದರೆ ತಾನೆ ಬರುವುದು, ಅಲ್ಲಿ ಅದು ಗಾಜಿನಷ್ಟು ಖಾಲಿ, ಖಾಲಿಯನ್ನು ಎಷ್ಟು ಬಗೆದರೂ ಖಾಲಿಯೇ. ಕಸುಬು ಕಲಿಸಿದ ಮುದುಕ ಕಿವಿ ಹಿಂಡಿ ಹೇಳಿರಲಿಲ್ಲವೇ, ಬೆಳಕಿನ ಅಳತೆ ನೆರಳಿಗೆ ಕೊಡೋ, ದಡ್ಡ, ಬಿಳುಪನ್ನು ಆಮೇಲೆ ತೊಳೆಯುವಾಗ ಹಿಡ್ಕೋಬಹುದು, ನೆರಳು ಒಂದ್ಸಲ ತಪ್ಪಿದ್ರೆ ದೇವರು ಬಂದ್ರೂ ಇಲ್ಲ. ಗೊತ್ತಿತ್ತು, ಗೊತ್ತಿದ್ದೇ ಆ ದಿನ ಬೆಳಕಿನ ಮೀಟರನ್ನು ಬಿಳಿ ಕೋಟಿಗೆ ಹಿಡಿದ, ಕೋಟಿನ ಹೊಲಿಗೆ ಎಳೆ ಎಳೆಯಾಗಿ ಕಂಡಿತು, ಅಧ್ಯಕ್ಷರು ಬೆನ್ನು ತಟ್ಟಿದರು, ಇವನು ನಾಲ್ಕು ದಿನ ನೆಲದ ಮೇಲೆ ನಡೆಯಲಿಲ್ಲ.

ಆ ದಿನವೂ ಭಾವ ಬೆಡ್‌ಶೀಟು ತಂದಿದ್ದ. ಅಕ್ಕನ ಮಂಚದ್ದೇ, ಬಿಳಿಯದು, ರಜೆಯ ದಿನವೆಲ್ಲ ಅದನ್ನು ಎರಡು ಕೋಲಿಗೆ ಕಟ್ಟಿ ಇವನ ಹಿಂದೆ ಸುತ್ತುವುದು, ಬಿಸಿಲಿಗೆ ಎದುರು ಹಿಡಿದು ಜನರ ಮುಖದ ನೆರಳಿಗೆ ಬೆಳಕು ಚಿಮ್ಮಿಸುವುದು, ಭಾವ ಸ್ವಲ್ಪ ಮೇಲೆ, ಭಾವ ಎಡಕ್ಕೆ, ಭಾವ ಅಲ್ಲಾಡಬೇಡ — ಮೂಗು ಕೆರೀತಿದೆ ದೊರೆ, ಅದಕ್ಕೂ ನಿಮ್ಮ ಅಪ್ಪಣೆ ಬೇಕಾ? — ಊರಿನ ಅರ್ಧ ಮದುಮಕ್ಕಳ ಕಣ್ಣಿನ ಹೊಳಪು ಅಕ್ಕನ ಬೆಡ್‌ಶೀಟಿನದು. ಶಾಲೆಯ ಮೆಟ್ಟಿಲ ಬಳಿ ಭಾವ ಕೋಲು ಬಿಚ್ಚುತ್ತಿದ್ದಾಗ ಸಮಿತಿಯ ಕಾರ್ಯದರ್ಶಿ ಮೂಗು ಮುರಿದರು, ಯಾರ್ರೀ ಆ ಬೆಡ್‌ಶೀಟ್ ಮನುಷ್ಯ, ಇದೇನು ದೋಬಿಘಾಟಾ? ಇವನು ಏನೆಂದ? ನಮ್ಮ ಭಾವ ಅಂದನೇ, ಬೆಳಕಿಗೆ ಬೇಕು ಸಾರ್ ಅಂದನೇ? ನಮ್ಮ ಕೆಲಸದೋನು ಸಾರ್, ಈಗ ಆಚೆ ಕಳಿಸ್ತೀನಿ ಅಂದ. ಭಾವ ಕೇಳಿಸಿಕೊಂಡ, ಎರಡು ಮಾರಿನ ದೂರ, ಕೇಳದೆ ಇರುತ್ತದೆಯೇ, ಶೀಟನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸಿದ, ಅಂಗಡಿಯಲ್ಲಿ ಮಡಿಸುವಷ್ಟು ನೀಟಾಗಿ, ಸರಿ ಸಾರ್ ಅಂದ — ದೊರೆ ಅನ್ನಲಿಲ್ಲ, ಸಾರ್ ಅಂದ, ತಮಾಷೆಗೋ ಅಲ್ಲವೋ — ಬಾಗಿಲೊಳಗೆ ಸರಿದು ನಿಂತ. ರಾತ್ರಿ ಊಟಕ್ಕೆ ಕೂತಾಗ ಅದನ್ನು ಎತ್ತಲಿಲ್ಲ, ಇವನೂ ಎತ್ತಲಿಲ್ಲ, ಎತ್ತಿದರೆ ದೊಡ್ಡದಾಗುತ್ತದೆ ಎಂದುಕೊಂಡ, ಎತ್ತದೆಯೇ ಅದು ಇಷ್ಟು ದೊಡ್ಡದಾಯಿತು. ಮುಂದಿನ ರಜೆಗೆ ಭಾವನಿಗೆ ಬೆನ್ನು ನೋವು, ಅದರ ಮುಂದಿನದಕ್ಕೆ ಕಾರ್ಖಾನೆಯಲ್ಲಿ ಡಬಲ್ ಪಾಳಿ, ಆಮೇಲೆ ಎದೆ ಹಿಡಿದುಕೊಂಡು ಅಲ್ಲೇ ಪಾಳಿಯಲ್ಲೇ — ಸಾಕು. ಬಣ್ಣದ ಕುಂಚ ಇದೆಯಲ್ಲ, ಕಪ್ಪು ಮಸಿ ಇದೆ, ಎಷ್ಟು ಸತ್ತವರ ಕಣ್ಣು ಫೋಟೋದಲ್ಲಿ ತೆರೆಸಿಲ್ಲ ಅವನು, ಒಣಗಿದ ಹಾಳೆಯ ಬೂದಿಯಲ್ಲಿ ಒಂದು ಹುಬ್ಬು, ಒಂದು ಮೂಗು, ಒಂದು ಮೀಸೆ, ಅಕ್ಕನ ಕಣ್ಣೂ ಮಂಜು, ನಂಬುತ್ತಾಳೆ. ಕುಂಚವನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿದ, ಹಾಳೆಯ ಮೇಲೆ ಹಿಡಿದ, ಮೀಸೆ — ಎಡಕ್ಕೆ ಇಳಿದಿತ್ತೇ, ಬಲಕ್ಕೇ? ಕಣ್ಣು ಮುಚ್ಚಿ ನೋಡುತ್ತಾನೆ, ಬೆಡ್‌ಶೀಟು ಕಾಣುತ್ತದೆ, ಅದರ ಅಂಚಿನಲ್ಲಿ ಬೆರಳು, ಅದರ ಕೆಳಗೆ ಚಪ್ಪಲಿ, ಶೀಟಿನ ಹಿಂದೆ ಇದ್ದವನನ್ನು ಅವನು ಯಾವತ್ತು ನೋಡಿದ್ದ, ಅವನು ನೋಡಿದ್ದೆಲ್ಲ ಬೆಳಕು ಸರಿಯಾಗಿ ಬೀಳುತ್ತಿದೆಯೇ ಎಂದು.

ಕುಂಚ ಕೆಳಗಿಟ್ಟ, ತೊಳೆಯುವ ನೀರಿನಿಂದ ಇನ್ನೊಂದು ಹಾಳೆಯನ್ನು ಎತ್ತಿಕೊಂಡು ಬಾಗಿಲು ತೆಗೆದ. ಮಧ್ಯಾಹ್ನದ ಬೆಳಕು ಕಣ್ಣಿಗೆ ಚುಚ್ಚಿತು, ಅಕ್ಕ ಒದ್ದೆ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು, ಹಾಳೆಯನ್ನು ಕಣ್ಣಿಗೆ ತಂದಳು, ದೂರ ಹಿಡಿದಳು, ಓರೆ ಮಾಡಿದಳು, ಮತ್ತೆ ಹತ್ತಿರ. ಈ ಕೋಟಿನೋನು ಯಾರೋ? ಅಧ್ಯಕ್ಷರು. ಇವನ್ನ ಯಾಕೆ ಇಷ್ಟು ಚೆನ್ನಾಗಿ ತೆಗ್ದಿದೀಯ? ನೀರು ಅವಳ ಮೊಣಕೈವರೆಗೆ ಇಳಿಯುತ್ತಿತ್ತು, ಬೆರಳು ಹೊಸಿಲಿನ ಬಿಸಿಲಿಗೆ ಬಂದು ನಿಂತಿತು, ಈ ಪಿನ್ನು ನಾನೇ ಚುಚ್ಚಿದ್ದು ಕಣೋ, ಹೊಸದು ತಗೊಳ್ರೀ ಅಂದ್ರೆ ಕೇಳಲಿಲ್ಲ, ಅಂದಳು, ಬೆರಳು ಪಾದದಿಂದ ನಿಧಾನವಾಗಿ ಮೇಲಕ್ಕೆ ಹೊರಟಿತು, ಪಾದದ ಗಂಟು ದಾಟಿತು, ಬೂದಿಯೊಳಗೆ ಹೋಯಿತು, ಅಲ್ಲಲ್ಲಿ ತಡವರಿಸಿತು, ಮರಳಿ ಪಾದಕ್ಕೇ ಬಂತು, ಎರಡು ಪಾದ, ಎರಡು ಚಪ್ಪಲಿ, ಒಂದು ಪಿನ್ನು, ಎರಡು ಪಾದ. ಮುಖ ಬರಲಿಲ್ಲ. ಕಾಲುಗಳು ಚೆನ್ನಾಗಿ ಬಂದಿದ್ದವು.