ಬಾರಿ ಸಿದ್ದರಾಯ

ನಿಡೋಣಿಯಿಂದ ಬಸ್ಸು ಹಿಡಿದು ಇಬ್ರಾಹಿಂಪುರದ ಓಣಿಯವರೆಗೂ ಅಳುತ್ತಲೇ ಬಂದ ಅಕ್ಕನಾಗಮ್ಮ ವಾಚನಾಲಯದ ಕರಿಹಲಗೆಯ ಮುಂದೆ ಗಕ್ಕನೆ ನಿಂತಳು. 'ಕನ್ನಡ ಮಾಸ್ತರ ಗುರುಪಾದಯ್ಯನವರು ಲಿಂಗೈಕೆರಾದರು.' ಲಿಂಗೈಕ್ಯ ಹೋಗಿ ಲಿಂಗೈಕೆಯಾಗಿತ್ತು. ಊರಿನ ತಪ್ಪನ್ನೆಲ್ಲ ತಿದ್ದಿದ ಅಪ್ಪನ ಸಾವಿನ ಸುದ್ದಿಯಲ್ಲೇ ತಪ್ಪು. ಇದು ಕೈತಪ್ಪಿ ಆದದ್ದಲ್ಲ ಅನ್ನಿಸಿತು ಆಕೆಗೆ.

ಮನೆಯಲ್ಲಿ ಅಪ್ಪನಿಗೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದರು. ನೆರೆಮನೆಯ ಮಾಶಾಬಿ ಬಂದು ತಬ್ಬಿಕೊಂಡಳು. ಅಳು ಇಳಿದ ಮೇಲೆ ಅಕ್ಕನಾಗಮ್ಮ, ಹಲಗೆ ಬರೆದವರು ಯಾರೆಂದು ಕೇಳಿದಳು.

"ಸಿದ್ದರಾಯ ಬರದಾನವ್ವ," ಎಂದಳು ಮಾಶಾಬಿ.

ಸಂಶಯ ಗಟ್ಟಿಯಾಯಿತು.

*

ಬರಗಾಲ ಕಳೆದು ಎಪ್ಪತ್ಮೂರರಲ್ಲಿ ಮೊದಲ ಮಳೆ ಬಿದ್ದ ದಿನ. ದಿನಾ ಹಲಗೆಯ ಮೇಲೆ ಸುದ್ದಿ ಬರೆಯುತ್ತಿದ್ದ ಹಿಟ್ಟಿನ ಗಿರಣಿಯ ಸಿದ್ದರಾಯ ಹಿಗ್ಗಿನಿಂದ ಬರೆದಿದ್ದ: 'ಬಿಜ್ಜರಗಿ ಕಡೆ ಬಾರಿ ಮಳೆ.' ಮಾಸ್ತರರು ನೆರೆದ ಜನರೆದುರೇ ಧೋತರದ ಚುಂಗಿನಿಂದ 'ಬಾ' ಒರೆಸಿದರು. ಬಾರಿ ಎಂದರೆ ಸಲ, ಭಾರಿ ಎಂದರೆ ದೊಡ್ಡದು ಎಂದು ತಿಳಿಹೇಳಿದರು. ಮಳೆಯ ಮಾತು ಮರೆತು ಮಂದಿ ನಕ್ಕರು. ಅಂದಿನಿಂದ ಆತ ಬಾರಿ ಸಿದ್ದರಾಯನಾದ; ಮತ್ತೆ ಹಲಗೆ ಬರೆಯಲು ಖಡು ಹಿಡಿದಿರಲಿಲ್ಲ.

ಅಕ್ಕನಾಗಮ್ಮನೂ ಅಂದು ನಕ್ಕಿದ್ದಳು. ಮದುವೆಯಾಗಿ ಹೋದ ಮೇಲೆ ಆಕೆ ಅಪ್ಪನಿಗೆ ಬರೆದ ಕಾಗದಗಳು ಕೆಂಪು ಮಸಿಯಲ್ಲಿ ತಿದ್ದಿಸಿಕೊಂಡು ಮರಳಿ ಬರತೊಡಗಿದವು. ಕೂಸು ಹೋದ ಸುದ್ದಿ ಬರೆದದ್ದೂ ಹಾಗೇ ಬಂತು. ಆಮೇಲೆ ಆಕೆ ಬರೆಯಲಿಲ್ಲ.

*

ಸಿದ್ದರಾಯ ಅಂಗಳದಲ್ಲಿ, ಮಾಸ್ತರರನ್ನು ಹೊತ್ತೊಯ್ಯುವ ವಿಮಾನಕ್ಕೆ ಬಾಳೆದಿಂಡು ಕಟ್ಟುತ್ತಿದ್ದ. ಇಷ್ಟು ವರ್ಷ ಹೊಸ್ತಿಲು ತುಳಿಯದವನಿಗೆ ಇವತ್ತೇಕೆ ಇಷ್ಟು ಅಕ್ಕರೆ? ಅಕ್ಕನಾಗಮ್ಮ ಹತ್ತಿರ ಹೋದಳು.

"ಅಣ್ಣಾ, ಹಲಗಿ ಮ್ಯಾಲಿಂದು ಬೇಕಂತನ ತಪ್ಪ ಬರದ್ಯೇನು?"

ಆತನ ಕೈ ನಿಂತಿತು. "ತಪ್ಪಾಗೈತೇನು?" ಎಂದ. ಬಾಳೆದಿಂಡು ಕೆಳಗಿಟ್ಟು ಹೇಳಿದ: "ಮುಂಜಾನಿ ಎಲ್ಲಾರಿಗೂ ಬರೀರಿ ಅಂದ್ನಿ ತಂಗಿ. ಎಲ್ಲಾರೂ ಒಲ್ಲೆಂದ್ರು. ಮಾಸ್ತರ ಸುದ್ದಿ, ತಪ್ಪಾದ್ರ ಹೆಂಗ ಅಂತ ಅಂಜಿಕಿ. ನಂದೇನೈತಿ? ನನ್ನ ತಪ್ಪು ಮೊದಲಿಂದ ಊರಿಗೆಲ್ಲಾ ಗೊತ್ತೈತಿ."

ಆತನ ಮುಖದಲ್ಲಿ ಸುಳ್ಳಿನ ಎಳೆ ಹುಡುಕಿದಳು. ಸಿಗಲಿಲ್ಲ. ನಂಬಿಕೆಯೂ ಪೂರ್ತಿ ಬರಲಿಲ್ಲ.

ಇಳಿಹೊತ್ತಿಗೆ ವಿಮಾನ ಎದ್ದಿತು. ಮುಂದಿನ ಹೆಗಲು ಸಿದ್ದರಾಯನದು. ವಾಚನಾಲಯದ ಹತ್ತಿರ ಬಂದಾಗ ಅಕ್ಕನಾಗಮ್ಮ ಸೆರಗಿನ ತುದಿ ಹಿಡಿದು ಹಲಗೆಯತ್ತ ನಡೆದಳು. ಮೆರವಣಿಗೆ ನಿಂತಿತು. ಮಂದಿಯೆಲ್ಲ ಆಕೆಯ ಕೈಯನ್ನೇ ನೋಡುತ್ತಿದ್ದರು. ಸಿದ್ದರಾಯ ಮಾತ್ರ ನೆಲ ನೋಡುತ್ತಿದ್ದ.

ಓದು ಬಾರದ ಮಾಶಾಬಿ ಅಲ್ಲಿಯವರೆಗೂ ಜೊತೆಗೆ ಬಂದಿದ್ದಳು. ಏನಂತ ಬರೆದಿದ್ದಾನೆ ಎಂದು ಕೇಳಿದಳು.

ಅಕ್ಕನಾಗಮ್ಮ ಸೆರಗು ಬಿಟ್ಟು, ಎಲ್ಲರಿಗೂ ಕೇಳುವಂತೆ ಓದಿದಳು: "ಕನ್ನಡ ಮಾಸ್ತರ ಗುರುಪಾದಯ್ಯನವರು ಲಿಂಗೈಕ್ಯರಾದರು."

ಸಿದ್ದರಾಯ ತಲೆಯೆತ್ತಿದ. ಹೆಗಲ ಮೇಲಿನ ಬೊಂಬನ್ನು ಸರಿಪಡಿಸಿಕೊಂಡ. ವಿಮಾನ ಒಮ್ಮೆ ಅಲುಗಿ ಮುಂದಕ್ಕೆ ಸಾಗಿತು.